ತಟ್ಟೆ, ಸುರುಳಿ, ಕಡತ: ಧ್ವನಿಮುದ್ರಿತ ಪಠ್ಯದ ಸಂಪಾದನೆಯ ಕೆಲವು ಪ್ರಶ್ನೆಗಳು (ಕೋಲಾರ ಸೀಮೆಯ ಆಕರಗಳನ್ನು ಲಕ್ಷಿಸಿ)

1

ಕನ್ನಡದ ಗ್ರಂಥಸಂಪಾದನೆಯು ಓಲೆಗರಿ, ಕೋರಿಕಾಗದ, ಕಡತಗಳನ್ನು ಕುರಿತು ಬಹುದೊಡ್ಡ ಎಚ್ಚರವನ್ನು ರೂಢಿಸಿಕೊಂಡಿದೆ. ಗರಿ ಮುರಿದಿದ್ದರೆ ಅದನ್ನು ಸೂಚಿಸುತ್ತೇವೆ. ಲಿಪಿಕಾರನ ಕೈಬರಹ, ಆತನ ಪ್ರದೇಶ, ಪ್ರತಿಮಾಡಿದ ಕಾಲ, ಸಮಾಪ್ತಿವಾಕ್ಯದಲ್ಲಿ ಆತ ಹೇಳಿಕೊಂಡ ಮಾತು ಇವೆಲ್ಲವೂ ಪಾಠನಿರ್ಣಯಕ್ಕೆ ಆಧಾರಗಳಾಗುತ್ತವೆ. ಆದರೆ ಅದೇ ಸಂಪಾದಕನು ದಾಸರ ಪದವೊಂದನ್ನೋ ತತ್ತ್ವಪದವೊಂದನ್ನೋ ಧ್ವನಿಮುದ್ರಿಕೆಯಿಂದ ಬರೆದುಕೊಳ್ಳುವಾಗ ಈ ಎಚ್ಚರ ಸಡಿಲವಾಗುತ್ತದೆ. ‘ಧ್ವನಿಮುದ್ರಣದಿಂದ ಸಂಗ್ರಹಿಸಿದ್ದು’ ಎಂಬ ಒಂದು ಸಾಲಿನ ಟಿಪ್ಪಣಿಯಲ್ಲಿ ಅರಗಿನ ತಟ್ಟೆ, ವಿನೈಲ್ ತಟ್ಟೆ, ಧ್ವನಿಸುರುಳಿ, ಸಿ.ಡಿ., ಎಂಪಿ3 ಕಡತ ಎಲ್ಲವೂ ಒಂದೇ ಆಗಿಬಿಡುತ್ತವೆ. ಈ ಮಾಧ್ಯಮಗಳನ್ನು ನಾವು ನೀರು ತುಂಬಿದ ಪಾತ್ರೆಗಳಂತೆ ಭಾವಿಸಿದ್ದೇವೆ. ಪಾತ್ರೆ ಬದಲಾದರೂ ನೀರು ಅದೇ ಎಂಬುದು ನಮ್ಮ ಗ್ರಹಿಕೆ. ವಾಸ್ತವದಲ್ಲಿ ಇವು ಪಾತ್ರೆಗಳಲ್ಲ, ಲಿಪಿಕಾರರು. ಪ್ರತಿಯೊಂದಕ್ಕೂ ತನ್ನದೇ ಆದ ಬರವಣಿಗೆಯ ಅಭ್ಯಾಸವಿದೆ, ತನ್ನದೇ ಆದ ಲೋಪಗಳಿವೆ. ಆ ಲೋಪಗಳನ್ನು ಗುರುತಿಸುವ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿನೈಲ್ ತಟ್ಟೆ ಶ್ರೇಷ್ಠವೋ ಡಿಜಿಟಲ್ ಧ್ವನಿ ಶ್ರೇಷ್ಠವೋ ಎಂಬ ಚರ್ಚೆ ಸಂಗೀತಪ್ರಿಯರಲ್ಲಿ ಬಹುಕಾಲದಿಂದ ನಡೆದಿದೆ. ಅಮೆರಿಕದಲ್ಲಿ 2022ರ ಹೊತ್ತಿಗೆ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತೆಂಬ ಸಂಗತಿ ಆ ಚರ್ಚೆಗೆ ಮತ್ತಷ್ಟು ಬಿಸಿ ತಂದಿದೆ. ತಟ್ಟೆಯ ನಾದದಲ್ಲಿ ಒಂದು ಬೆಚ್ಚಗಿನ ಗುಣವಿದೆ ಎನ್ನುವವರ ಅನುಭವವನ್ನು ಅಲ್ಲಗಳೆಯಬೇಕಾಗಿಲ್ಲ. ಅಳತೆಗೆ ಇಳಿದರೆ ಸಿ.ಡಿ.ಯೇ ಮೂಲಧ್ವನಿಗೆ ಹೆಚ್ಚು ನಿಷ್ಠವಾದುದೆಂಬುದೂ ಅಷ್ಟೇ ನಿಜ. ಆದರೆ ಇದು ರುಚಿಯ ಪ್ರಶ್ನೆ. ಯಾವ ಮಾಧ್ಯಮ ಪಠ್ಯದಿಂದ ಏನನ್ನು ತೆಗೆದುಹಾಕಿತು, ಏನನ್ನು ಸೇರಿಸಿತು, ತಾನು ಹಾಗೆ ಮಾಡಿದುದರ ಗುರುತನ್ನು ಎಲ್ಲಿ ಬಿಟ್ಟಿತು ಎಂಬುದು ಕನ್ನಡ ಸಂಶೋಧಕನ ಪ್ರಶ್ನೆ.

ಇದನ್ನು ಪರಿಶೀಲಿಸಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಆಕರಗಳನ್ನು ಆರಿಸಿಕೊಂಡಿದ್ದೇನೆ. ನಾನು ಕ್ಷೇತ್ರಕಾರ್ಯ ಮಾಡಿದ ಪ್ರದೇಶ ಇದೆಂಬುದು ಒಂದು ಕಾರಣ. ಮುಖ್ಯ ಕಾರಣ ಬೇರೆ. ಒಂದು ಕಡೆ ಆಂಧ್ರಪ್ರದೇಶದ, ಇನ್ನೊಂದು ಕಡೆ ತಮಿಳುನಾಡಿನ ಗಡಿಗೆ ತಾಗಿಕೊಂಡಿರುವ ಈ ಸೀಮೆಯಲ್ಲಿ ಮೂರು ಬಗೆಯ ಧ್ವನಿಪಠ್ಯಗಳು ಒಟ್ಟಿಗೆ ದೊರೆಯುತ್ತವೆ. ಲಿಖಿತ ಪರಂಪರೆಯ ಬೆಂಬಲವಿರುವ ದಾಸರ ಪದಗಳು ಮುಳಬಾಗಿಲಿನ ಶ್ರೀಪಾದರಾಜರ ಕಾರಣದಿಂದ ಇಲ್ಲಿ ನೆಲೆನಿಂತಿವೆ. ಕನ್ನಡ ಮತ್ತು ತೆಲುಗುಗಳ ನಡುವೆ ಸರಾಗವಾಗಿ ಓಡಾಡುವ ತತ್ತ್ವಪದ, ಭಜನೆ, ಕೇಳಿಕೆಗಳಿವೆ. ಅಕ್ಷರಕ್ಕೆ ಎಂದೂ ಇಳಿಯದ ತಮಟೆಯ ನಾದವಿದೆ. ಈ ಮೂರನ್ನೂ ಮಾಧ್ಯಮಗಳು ಮೂರು ಬಗೆಯಲ್ಲಿ ತಿದ್ದಿವೆ.

2

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಆರಂಭವಾದದ್ದು 1902ರ ನವೆಂಬರ್‌ನಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅದೇ 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಆದರೆ ಗಣಿಯ ಸುತ್ತಲಿನ ಹಳ್ಳಿಗಳು ವಿದ್ಯುತ್ತಿಗಾಗಿ ಇನ್ನೂ ಹಲವು ದಶಕ ಕಾಯಬೇಕಾಯಿತು. ಗ್ರಾಮಫೋನಿಗೆ ಅದರ ಅಗತ್ಯವಿರಲಿಲ್ಲ. ಕೀಲಿ ಕೊಟ್ಟರೆ ಸುರುಳಿಕಂಬಿ ತಟ್ಟೆಯನ್ನು ತಿರುಗಿಸುತ್ತಿತ್ತು. ವಿದ್ಯುದ್ದೀಪ ಕಾಣದ ಮನೆಗೂ ಹಾಡಿನ ಪೆಟ್ಟಿಗೆ ಬರಲು ಸಾಧ್ಯವಾದದ್ದು ಹೀಗೆ.

ಆ ಕಾಲದ ತಟ್ಟೆ ವಿನೈಲಿನದಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಅರಗು, ಕಲ್ಲಿನ ಪುಡಿ ಮತ್ತು ಮಸಿಯನ್ನು ಬೆರೆಸಿ ಬಿಸಿಯಲ್ಲಿ ಒತ್ತಿದ ತಟ್ಟೆ ಅದು. ಮರದ ಮೇಲಿನ ಪುಟ್ಟ ಕೀಟವೊಂದು ಸ್ರವಿಸುವ ಅರಗಿಗೆ ಪ್ರಪಂಚದಲ್ಲಿ ಮುಖ್ಯ ಆಕರವಾಗಿದ್ದುದು ಭಾರತವೇ. ಹಳೆಯ ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಅದು ದೊರೆಯುತ್ತಿತ್ತು. ಶ್ರೀಪಾದರಾಜರ ಹುಟ್ಟೂರೆಂದು ಹೇಳಲಾಗುವ ಅಬ್ಬೂರು ಇರುವುದು ಅರಗಿನ ಬಣ್ಣದ ಬೊಂಬೆಗಳ ಚನ್ನಪಟ್ಟಣದ ಬಳಿ. ಇದು ಆಕಸ್ಮಿಕ, ಆದರೆ ನೆನಪಿನಲ್ಲಿ ಉಳಿಯುವಂಥದು. ವಿನೈಲ್ ಎಂಬ ಕೃತಕ ವಸ್ತುವಿನ ದೀರ್ಘಾವಧಿ ತಟ್ಟೆ ಬಂದದ್ದು 1948ರಲ್ಲಿ. ನಮ್ಮಲ್ಲಿ 1960ರ ದಶಕದ ಕೊನೆಯವರೆಗೂ ಅರಗಿನ ತಟ್ಟೆಗಳ ಬಳಕೆಯಿತ್ತು. ಜನರ ಬಾಯಲ್ಲಿ ಎರಡೂ ‘ಪ್ಲೇಟು’ಗಳೇ. ಸಂಶೋಧಕ ಮಾತ್ರ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕು. ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷದ ಧ್ವನಿ. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದರಷ್ಟು ಸುತ್ತುವ ವಿನೈಲ್ ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ತುಸು ಹೆಚ್ಚು ಹಿಡಿಯುತ್ತದೆ.

ಈ ಮೂರು ನಿಮಿಷವೇ ಕನ್ನಡ ಪದಸಾಹಿತ್ಯದ ಮೊದಲ ಯಾಂತ್ರಿಕ ಸಂಪಾದಕ. ದಾಸರ ಪದವೊಂದರಲ್ಲಿ ಪಲ್ಲವಿ, ಅನುಪಲ್ಲವಿಗಳ ಜೊತೆಗೆ ಮೂರರಿಂದ ಹಿಡಿದು ಹತ್ತಕ್ಕೂ ಮೀರಿದ ಚರಣಗಳಿರಬಹುದು. ಶ್ರೀಪಾದರಾಜರ ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳಂಥ ದೀರ್ಘ ರಚನೆಗಳಂತೂ ಮೂರು ನಿಮಿಷದ ಅಳತೆಗೆ ಒಗ್ಗುವುದೇ ಇಲ್ಲ. ಹಾಡುವವರು ಮಾಡಿದ ಪರಿಹಾರ ಸರಳವಾಗಿತ್ತು. ಮೊದಲನೆಯ ಚರಣವನ್ನೂ ‘ರಂಗವಿಠಲ’, ‘ಪುರಂದರವಿಠಲ’ ಮೊದಲಾದ ಅಂಕಿತ ಬರುವ ಕೊನೆಯ ಚರಣವನ್ನೂ ಉಳಿಸಿ ನಡುವಿನವನ್ನು ಬಿಡುವುದು. ಓಲೆಗರಿಯಲ್ಲಿ ಸಾಮಾನ್ಯವಾಗಿ ಶಿಥಿಲವಾಗುವುದು ಮೊದಲ ಮತ್ತು ಕೊನೆಯ ಗರಿಗಳು. ಕಟ್ಟಿನ ಹೊರಗಿರುವುದರಿಂದ ಅವಕ್ಕೆ ಪೆಟ್ಟು ಹೆಚ್ಚು. ಧ್ವನಿಮುದ್ರಿಕೆಯಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು: ಆದಿ–ಅಂತ್ಯಗಳು ಸುರಕ್ಷಿತ, ಮಧ್ಯ ಲುಪ್ತ. ಪದವೊಂದರ ಪಾಠ ಮೂರು ಚರಣಗಳಲ್ಲಿಯೇ ಸುಸಂಬದ್ಧವಾಗಿ ಮುಗಿದಂತೆ ತೋರಿದರೆ ಅದು ಮೂಲದ ಸಂಕ್ಷಿಪ್ತತೆಯೋ ತಟ್ಟೆಯ ಸಂಕ್ಷೇಪವೋ ಎಂದು ಕೇಳಿಕೊಳ್ಳುವುದು ಅಗತ್ಯ.

ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. ಕಾಲದ ಮಿತಿ ಹೋದರೂ ರೂಢಿ ಹೋಗಲಿಲ್ಲ. ವಿನೈಲ್ ತಟ್ಟೆ ಬಂತು, ಅರವತ್ತು–ತೊಂಬತ್ತು ನಿಮಿಷಗಳ ಧ್ವನಿಸುರುಳಿ ಬಂತು, ಎಪ್ಪತ್ತನಾಲ್ಕು ನಿಮಿಷದ ಸಿ.ಡಿ. ಬಂತು, ಕೊನೆಗೆ ಮಿತಿಯೇ ಇಲ್ಲದ ಡಿಜಿಟಲ್ ಕಡತ ಬಂತು. ಆದರೂ ಭಕ್ತಿಗೀತೆಗಳ ಮಾರುಕಟ್ಟೆಯಲ್ಲಿ ಪದಗಳು ಇಂದಿಗೂ ಬಹುಮಟ್ಟಿಗೆ ಆ ಮೂರು ಚರಣಗಳ ರೂಪದಲ್ಲಿಯೇ ಹಾಡಲ್ಪಡುತ್ತವೆ. ತಟ್ಟೆಯ ಪಾಠ ವ್ಯಾಪಕಪಾಠವಾಗಿ ನಿಂತಿತು. ಧಾಟಿಗೂ ಈ ಮಾತು ಅನ್ವಯಿಸುತ್ತದೆ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪದಕ್ಕೆ ಭೀಮಸೇನ ಜೋಶಿಯವರ ಧ್ವನಿಮುದ್ರಿಕೆಯ ಧಾಟಿ ಮನೆಮಾತಾದ ಮೇಲೆ ಹಳೆಯ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಧಾಟಿಗಳನ್ನು ಕೇಳಿದವರಿಗೆ ಅವು ‘ತಪ್ಪು’ ಎನಿಸತೊಡಗಿದವು. ಇದು ಗಾಯಕರ ದೋಷವಲ್ಲ. ಒಂದು ಪ್ರತಿ ಸಾವಿರಾರು ಪ್ರತಿಗಳಾಗಿ ಹರಡಿದಾಗ ಉಳಿದ ಪ್ರತಿಗಳಿಗೆ ಏನಾಗುತ್ತದೆಂಬುದು ಮುದ್ರಣದ ಇತಿಹಾಸದಿಂದಲೂ ನಮಗೆ ತಿಳಿದದ್ದೇ.

ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗದಲ್ಲಿ (1943) 945 ಪದ್ಯಗಳಿವೆ. ಧ್ವನಿಸುರುಳಿಗಳ ಮೂಲಕ ಕಗ್ಗವನ್ನು ಅರಿತವರ ಕಿವಿಗೆ ಬಿದ್ದಿರುವುದು ಅವುಗಳಲ್ಲಿ ಆಯ್ದ ಕೆಲವು ಮಾತ್ರ. ಸುರುಳಿಯ ಎರಡು ಮಗ್ಗುಲು ಹಿಡಿಸಿದಷ್ಟು ಕಗ್ಗವೇ ಅನೇಕರ ಪಾಲಿಗೆ ಇಡಿಯ ಕಗ್ಗ. ಈ ಆಯ್ಕೆಯ ರಾಜಕಾರಣ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.

3

ಉದ್ದದ ಲೋಪ ಕಣ್ಣಿಗೆ ಬೀಳುತ್ತದೆ. ಧ್ವನಿಯೊಳಗಿನ ಲೋಪ ಸುಲಭವಾಗಿ ತಿಳಿಯುವುದಿಲ್ಲ. 1925ಕ್ಕೆ ಮೊದಲು ಧ್ವನಿಮುದ್ರಣದಲ್ಲಿ ಮೈಕು ಇರಲಿಲ್ಲ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಹಾಡುತ್ತಿದ್ದರು, ಆ ಗಾಳಿಯ ಒತ್ತಡವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೀರು ಕೊರೆಯುತ್ತಿತ್ತು. ಹೀಗೆ ಕೊರೆಯಲು ಸಾಧ್ಯವಾಗುತ್ತಿದ್ದುದು ಸೆಕೆಂಡಿಗೆ ಹೆಚ್ಚೆಂದರೆ ಎರಡು–ಎರಡೂವರೆ ಸಾವಿರ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ. ಮನುಷ್ಯನ ಕಿವಿ ಇಪ್ಪತ್ತು ಸಾವಿರದವರೆಗೆ ಕೇಳಬಲ್ಲುದು. ಸ್ವರಗಳು ಆ ಇಕ್ಕಟ್ಟಿನಲ್ಲಿ ಹೇಗೋ ಉಳಿದುಕೊಳ್ಳುತ್ತವೆ. ಊಷ್ಮಗಳು ಉಳಿಯುವುದಿಲ್ಲ. ಸಕಾರದ ಸೀತ್ಕಾರದ ಬಹುಭಾಗ ಇರುವುದೇ ನಾಲ್ಕು ಸಾವಿರ ಕಂಪನಗಳ ಮೇಲೆ. ಶಕಾರದ್ದು ಅದಕ್ಕಿಂತ ಸ್ವಲ್ಪ ಕೆಳಗೆ. ಎರಡೂ ಆ ಯಂತ್ರದ ಕಿವಿಗೆ ಬೀಳಲಿಲ್ಲ.

ಭಾಷಾವಿಜ್ಞಾನದ ವಿದ್ಯಾರ್ಥಿಗೆ ಇದರ ಪರಿಣಾಮ ಗಂಭೀರ. ಶ–ಷ–ಸಗಳ ಉಚ್ಚಾರಣೆಯಲ್ಲಿನ ಪ್ರಾದೇಶಿಕ, ಸಾಮಾಜಿಕ ವ್ಯತ್ಯಾಸಗಳು ಕನ್ನಡ ಉಪಭಾಷಾಧ್ಯಯನದ ಒಂದು ಮುಖ್ಯ ವಿಷಯ. ಕೋಲಾರ ಸೀಮೆಯ ಕನ್ನಡದಲ್ಲಿ ತೆಲುಗಿನ ನೆರೆ ಇರುವುದರಿಂದ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಕಹಳೆಯ ಕಾಲದ ತಟ್ಟೆಯೊಂದನ್ನು ಕೇಳಿ ‘ಗಾಯಕಿ ಶಕಾರವನ್ನು ಸಕಾರವಾಗಿ ಉಚ್ಚರಿಸಿದ್ದಾರೆ’ ಎಂದು ಬರೆಯುವವನು ಗಾಯಕಿಯ ನಾಲಗೆಯನ್ನಲ್ಲ, ಕಹಳೆಯ ಮಿತಿಯನ್ನು ವರ್ಣಿಸುತ್ತಿರುತ್ತಾನೆ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ ಅಂಗವಾಗಿ 1913ರಿಂದ 1929ರವರೆಗೆ ಹಲವು ಭಾಷೆಗಳ ಮಾತನ್ನು ತಟ್ಟೆಗಳಲ್ಲಿ ಮುದ್ರಿಸಲಾಯಿತು. ಷಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದ ಮೂಲಕ ಅವು ಇಂದು ಯಾರಿಗಾದರೂ ಕೇಳಲು ದೊರೆಯುತ್ತವೆ. ಮೈಸೂರು ಸಂಸ್ಥಾನ ಆ ಸರ್ವೇಕ್ಷಣೆಯ ಮುದ್ರಿತ ಸಂಪುಟಗಳ ವ್ಯಾಪ್ತಿಗೆ ಸೇರಿರಲಿಲ್ಲ. ಆದರೂ ಆ ಬಗೆಯ ತಟ್ಟೆಗಳನ್ನು ಕೇಳಿ ಅಭ್ಯಾಸ ಮಾಡಿಕೊಂಡವನಿಗೆ ಮಾತ್ರ ಆ ಕಾಲದ ಕನ್ನಡ ತಟ್ಟೆಯನ್ನು ಕೇಳುವ ಕಿವಿ ಸಿದ್ಧವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ವೇಗದ ಪ್ರಶ್ನೆಯೂ ಇದೆ. ‘78’ ಎಂಬುದು ನಂತರದ ದಿನಗಳಲ್ಲಿ ನೆಲೆಗೊಂಡ ಸಂಖ್ಯೆ. ಮೊದಲ ದಶಕಗಳ ತಟ್ಟೆಗಳನ್ನು ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ವೇಗದಲ್ಲಿ ಕೊರೆದದ್ದುಂಟು. 74 ಸುತ್ತಿನಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಏರುತ್ತದೆ, ಲಯವೂ ಚುರುಕಾಗುತ್ತದೆ. ಆ ಕಾಲದ ಗಾಯಕಿಯರು ಬಹಳ ಏರುಶ್ರುತಿಯಲ್ಲಿ, ದ್ರುತಗತಿಯಲ್ಲಿ ಹಾಡುತ್ತಿದ್ದರೆಂಬ ನಮ್ಮ ಕಲ್ಪನೆಯಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ತಟ್ಟೆ ತಿರುಗಿಸಿದವನ ಕೊಡುಗೆ? ತಟ್ಟೆ ಕೈಯಲ್ಲಿದ್ದರೆ ವೇಗ ಬದಲಿಸಿ ಪರೀಕ್ಷಿಸಬಹುದು. ತಪ್ಪುವೇಗದಲ್ಲಿ ಡಿಜಿಟಲ್ ಪ್ರತಿ ಮಾಡಿ, ಯಾವ ವೇಗವೆಂದು ಬರೆದಿಡದೆ, ತಟ್ಟೆಯನ್ನು ಕಳೆದುಕೊಂಡರೆ ಆ ತಪ್ಪು ಶಾಶ್ವತವಾಗುತ್ತದೆ.

4

ತಮಟೆಯ ಕಡೆಗೆ ಬರೋಣ. ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ ಬಿಗಿಮಾಡಿಕೊಂಡು ನುಡಿಸುವ ಈ ವಾದ್ಯದ ಲಕ್ಷಣವೆಂದರೆ ಪೆಟ್ಟಿನ ತೀಕ್ಷ್ಣತೆ. ನಿಶ್ಶಬ್ದದಿಂದ ಪೂರ್ಣನಾದಕ್ಕೆ ಏರಲು ಅದಕ್ಕೆ ಸೆಕೆಂಡಿನ ಸಾವಿರದ ಕೆಲವು ಅಂಶಗಳೇ ಸಾಕು. ಧ್ವನಿಮುದ್ರಣದ ಮಾಧ್ಯಮಗಳನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ಒರೆಗಲ್ಲು ಸಿಗುವುದು ಕಷ್ಟ. ಎಂಪಿ3 ತಂತ್ರವನ್ನು ಪರೀಕ್ಷಿಸಲು ಯೂರೋಪಿನ ತಜ್ಞರು ಬಳಸಿದ ಪ್ರಸಿದ್ಧ ಮಾದರಿಗಳಲ್ಲಿ ಒಂದು ಸ್ಪೇನಿನ ಕ್ಯಾಸ್ಟನೆಟ್ ಎಂಬ ಚಿಟಿಕೆವಾದ್ಯ. ಅವರಿಗೆ ತಮಟೆಯ ಪರಿಚಯವಿದ್ದಿದ್ದರೆ ಆಯ್ಕೆ ಬೇರೆಯಾಗುತ್ತಿತ್ತೇನೋ.

ತಮಟೆಯ ಧ್ವನಿಮುದ್ರಿಕೆಯನ್ನು ಒಳ್ಳೆಯ ಶ್ರವಣಸಾಧನ ಹಾಕಿಕೊಂಡು ಕೇಳಿದಾಗ ಕೆಲವೊಮ್ಮೆ ಪೆಟ್ಟಿಗೆ ಮೊದಲೇ ಅದರ ಕ್ಷೀಣವಾದ ನೆರಳೊಂದು ಕೇಳಿಬರುತ್ತದೆ. ಪ್ರತಿಧ್ವನಿ ಧ್ವನಿಯ ನಂತರ ಬರಬೇಕು, ಇದು ಮುಂಚೆ ಬರುತ್ತದೆ. ಇದನ್ನು ‘ಪೂರ್ವಧ್ವನಿ’ ಎಂದು ಕರೆಯಬಹುದು. ಲಿಪಿಕಾರನು ಮುಂದಿನ ಪದದ ಅಕ್ಷರವನ್ನು ಕಣ್ತಪ್ಪಿನಿಂದ ಹಿಂದಿನ ಪದದಲ್ಲಿಯೇ ಬರೆದುಬಿಡುವ ದೋಷ ನಮಗೆ ಪರಿಚಿತ. ಅದರ ಶ್ರವಣರೂಪ ಇದು. ಕುತೂಹಲದ ಸಂಗತಿಯೆಂದರೆ ವಿನೈಲ್ ತಟ್ಟೆ, ಕಾಂತೀಯ ಸುರುಳಿ, ಎಂಪಿ3 ಮೂರರಲ್ಲಿಯೂ ಈ ದೋಷ ಕಾಣಿಸಿಕೊಳ್ಳುತ್ತದೆ. ಕಾರಣ ಮಾತ್ರ ಬೇರೆಬೇರೆ.

ವಿನೈಲ್ ತಟ್ಟೆಯಲ್ಲಿ ಗೀರುಗಳು ಒಂದರ ಪಕ್ಕದಲ್ಲಿ ಒಂದು ಬಹಳ ಒತ್ತಾಗಿರುತ್ತವೆ. ಜೋರಾದ ಪೆಟ್ಟಿನ ಗೀರು ನೆರೆಯ ಗೀರಿನ ಗೋಡೆಯನ್ನು ತುಸು ಒತ್ತುತ್ತದೆ. ಆದ್ದರಿಂದ ಪೆಟ್ಟಿನ ನೆರಳು ಸರಿಯಾಗಿ ಒಂದು ಸುತ್ತಿಗೆ ಮೊದಲು, ಅಂದರೆ 1.8 ಸೆಕೆಂಡಿಗೆ ಮೊದಲು ಕೇಳುತ್ತದೆ. ತಟ್ಟೆಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಈ ಅಂತರ ಒಂದೇ, ಏಕೆಂದರೆ ಸುತ್ತಿನ ವೇಗ ಬದಲಾಗುವುದಿಲ್ಲ. ಸುರುಳಿಯಲ್ಲಿ ಪಟ್ಟಿ ತನ್ನ ಮೇಲೆಯೇ ಸುತ್ತಿಕೊಂಡಿರುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿ ಕುಳಿತಾಗ ಒಂದು ಪದರದ ಕಾಂತತ್ವ ಪಕ್ಕದ ಪದರಕ್ಕೆ ಅಂಟುತ್ತದೆ. ಇಲ್ಲಿಯೂ ಅಂತರ ಒಂದು ಸುತ್ತಿನದೇ, ಆದರೆ ಸುತ್ತಿನ ಅಳತೆ ಸುರುಳಿಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತ ಹೋಗುತ್ತದೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅದು ಸುಮಾರು ಒಂದೂವರೆಯಿಂದ ಮೂರು ಸೆಕೆಂಡುಗಳ ನಡುವೆ ಇರುತ್ತದೆ. ಎಂಪಿ3ರಲ್ಲಿ ನಡೆಯುವುದು ಇನ್ನೂ ಸೂಕ್ಷ್ಮ. ಅದು ಧ್ವನಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿಯೂ ಕಿವಿಗೆ ಅನಗತ್ಯವೆಂದು ತನಗೆ ತೋರಿದ್ದನ್ನು ಒರಟಾಗಿ ಬರೆದುಕೊಳ್ಳುತ್ತದೆ. ತುಂಡಿನ ಕೊನೆಯಲ್ಲಿ ತಮಟೆಯ ಪೆಟ್ಟು ಬಿದ್ದರೆ ಆ ಒರಟುತನ ಇಡಿಯ ತುಂಡಿಗೆ, ಪೆಟ್ಟಿನ ಹಿಂದಿನ ಮೌನಕ್ಕೂ ಹರಡುತ್ತದೆ. ಅಂತರ ಸೆಕೆಂಡಿನ ನೂರನೆಯ ಒಂದೆರಡು ಅಂಶ ಮಾತ್ರ. ಅದು ಬೇರೆ ಧ್ವನಿಯಾಗಿ ಕೇಳುವುದಿಲ್ಲ, ಪೆಟ್ಟಿನ ಅಂಚು ಮೊಂಡಾದಂತೆ ಕೇಳುತ್ತದೆ.

ಈ ವಿವರಗಳ ಪ್ರಯೋಜನವಿಷ್ಟು. ಮೂಲ ಯಾವುದೆಂದು ತಿಳಿಯದ ಡಿಜಿಟಲ್ ಕಡತವೊಂದು ಕೈಗೆ ಬಂದಾಗ ಪೂರ್ವಧ್ವನಿಯ ಅಂತರವನ್ನು ಅಳೆದರೆ ಅದು ತಟ್ಟೆಯಿಂದ ಇಳಿದುಬಂದ ಪ್ರತಿಯೋ ಸುರುಳಿಯಿಂದ ಇಳಿದುಬಂದ ಪ್ರತಿಯೋ ಎಂದು ಊಹಿಸಬಹುದು. 1.8 ಸೆಕೆಂಡಿನ ಅಂತರ ಉದ್ದಕ್ಕೂ ಸ್ಥಿರವಾಗಿದ್ದರೆ ವಿನೈಲ್, ಬದಲಾಗುತ್ತಿದ್ದರೆ ಸುರುಳಿ, 0.77 ಸೆಕೆಂಡು ಇದ್ದರೆ 78ರ ತಟ್ಟೆ. ಸುರುಳಿಯ ನೆರಳೂ ಎಂಪಿ3ರ ಮೊಂಡುತನವೂ ಒಟ್ಟಿಗಿದ್ದರೆ ಅದು ಸುರುಳಿಯಿಂದ ಎಂಪಿ3ಗೆ ಇಳಿಸಿದ, ಕನಿಷ್ಠ ಎರಡು ತಲೆಮಾರಿನ ಪ್ರತಿ. ಹೀಗೆ ಪ್ರತಿಗಳ ವಂಶವೃಕ್ಷವನ್ನು ಧ್ವನಿಯ ಒಳಸಾಕ್ಷ್ಯದಿಂದಲೇ ರಚಿಸಲು ಸಾಧ್ಯ.

ಸಿ.ಡಿ.ಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1982ರಲ್ಲಿ ಬಂದ ಈ ಮಾಧ್ಯಮ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ಪ್ರತಿ ಅಳತೆಯನ್ನೂ 65,536 ಹಂತಗಳಲ್ಲಿ ಒಂದಾಗಿ ಬರೆಯುತ್ತದೆ. ಮನುಷ್ಯನ ಕಿವಿಗೆ ಇದು ಸಾಕು. ಅದರ ನಿಷ್ಠೆಯಲ್ಲಿ ದೋಷವಿಲ್ಲ, ದೋಷ ಅದರ ಆಯುಸ್ಸಿನಲ್ಲಿದೆ. ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ.ಯೂ ನಾವು ಗಣಕದಲ್ಲಿ ಬರೆದುಕೊಳ್ಳುವ ಸಿ.ಡಿ.ಯೂ ಒಂದೇ ಅಲ್ಲ. ಎರಡನೆಯದರಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ಪದರದಲ್ಲಿ. ಬೆಳಕು, ಸೆಕೆ, ತೇವಗಳಿಗೆ ಅದು ಮಾಸುತ್ತದೆ.

5

1990ರ ದಶಕದಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ತತ್ತ್ವಪದ, ಭಜನೆಗಳನ್ನು ಸಂಗ್ರಹಿಸುವಾಗ ನಾನು ಬಳಸಿದ್ದು ಅರವತ್ತು ನಿಮಿಷದ ಕ್ಯಾಸೆಟ್ಟುಗಳನ್ನು. ಪದದ ನಡುವೆ ಮಗ್ಗುಲು ಮುಗಿದು ಟಪ್ಪೆಂದು ನಿಂತುಹೋದಾಗ ಹಾಡುವವರು ತಾವೂ ನಿಲ್ಲಿಸಿ, ‘ನಿಮ್ಮ ಪೆಟ್ಟಿಗೆಗೆ ಹೊಟ್ಟೆ ತುಂಬಿತೇನೋ ಸಾರ್’ ಎಂದು ನಕ್ಕದ್ದುಂಟು. ಆ ಕ್ಯಾಸೆಟ್ಟುಗಳನ್ನು ಮುಂದೆ ಸಂಸ್ಥೆಯೊಂದಕ್ಕೆ ಒಪ್ಪಿಸಿದೆ. 2000ದ ದಶಕದಲ್ಲಿ ಅಲ್ಲಿ ಎಲ್ಲವನ್ನೂ ಎಂಪಿ3 ಮಾಡಿ ಸಿ.ಡಿ.ಗಳಿಗೆ ಬರೆದು, ‘ಡಿಜಿಟಲೀಕರಣ ಪೂರ್ಣಗೊಂಡಿದೆ’ ಎಂಬ ಷರಾದೊಂದಿಗೆ ಕ್ಯಾಸೆಟ್ಟುಗಳನ್ನು ವಿಲೇವಾರಿ ಮಾಡಿದರು. ಕೆಲವು ವರ್ಷಗಳ ನಂತರ ನಾನು ಕೇಳಲು ಹೋದಾಗ ಸಿ.ಡಿ.ಗಳಲ್ಲಿ ಅನೇಕವು ಓದಲಾಗದ ಸ್ಥಿತಿಯಲ್ಲಿದ್ದವು. ಓದಲು ಬಂದವುಗಳಲ್ಲಿ ಕಡತಗಳ ಹೆಸರು ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದಿತ್ತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಾನು ಪೆನ್ಸಿಲಿನಲ್ಲಿ ಬರೆದಿದ್ದ ಊರು, ದಿನಾಂಕ, ಹಾಡಿದವರ ಹೆಸರುಗಳನ್ನು ಯಾರೂ ಪ್ರತಿಮಾಡಿರಲಿಲ್ಲ. ಆ ಗಾಯಕರಲ್ಲಿ ಹಲವರು ಆ ವೇಳೆಗೆ ತೀರಿಕೊಂಡಿದ್ದರು. ಯಾರ ಮೇಲೂ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಅಂದಿನ ತಿಳಿವಳಿಕೆಯಲ್ಲಿ ಅದು ಆಧುನಿಕವಾದ ಕೆಲಸವೇ ಆಗಿತ್ತು. ಆದರೆ ಓಲೆಯನ್ನು ಕಾಗದಕ್ಕೆ ಇಳಿಸಿ ಓಲೆಯನ್ನು ಒಲೆಗೆ ಹಾಕುವ ಗ್ರಂಥಸಂಪಾದಕನನ್ನು ನಾವು ಕ್ಷಮಿಸುತ್ತಿರಲಿಲ್ಲ ಎಂಬುದೂ ನಿಜ.

ಹಾಡಿದವರ ಹೆಸರಿನ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಗೌಹರ್ ಜಾನ್ ತಮ್ಮ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದುದು ಪ್ರಸಿದ್ಧ. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಆ ಏರ್ಪಾಡು. ದಾಸರ ಅಂಕಿತದ ಕೆಲಸವೂ ಬಹುಮಟ್ಟಿಗೆ ಇದೇ ಅಲ್ಲವೇ? ಪಠ್ಯ ಎಲ್ಲಿಗೇ ಹೋಗಲಿ, ಯಾರೇ ಪ್ರತಿಮಾಡಲಿ, ಕರ್ತೃವಿನ ಗುರುತು ಪಠ್ಯದ ಒಳಗೇ ಹೆಣೆದುಕೊಂಡು ಹೋಗುತ್ತದೆ. ಅದನ್ನು ಬಿಟ್ಟರೆ ಛಂದಸ್ಸೇ ಕೆಡುತ್ತದೆ. ತಟ್ಟೆಯ ಗುರುತು ಇದಕ್ಕಿಂತ ಒಂದು ಹೆಜ್ಜೆ ಹೊರಗೆ: ನಡುವಿನ ಕಾಗದದ ಚೀಟಿ, ಅದರ ಸುತ್ತ ಗೀರುಗಳಿಲ್ಲದ ಜಾಗದಲ್ಲಿ ಕೊರೆದ ಸಂಖ್ಯೆ. ಚೀಟಿ ಹರಿದರೂ ಆ ಸಂಖ್ಯೆಯಿಂದ ಮುದ್ರಣದ ಕಾಲವನ್ನು ಪತ್ತೆಹಚ್ಚಬಹುದು. ಎಂಪಿ3ರಲ್ಲಿ ಗುರುತು ಧ್ವನಿಗೆ ಸಂಬಂಧವೇ ಇಲ್ಲದ ಒಂದು ಬಾಲ. 1996ರಲ್ಲಿ ರೂಪಿಸಿದ ಮೊದಲ ವ್ಯವಸ್ಥೆಯಲ್ಲಿ ಕಡತದ ತುದಿಗೆ 128 ಬೈಟುಗಳ ಜಾಗವಿತ್ತು, ಅದರಲ್ಲಿ ಶೀರ್ಷಿಕೆಗೆ 30, ಹಾಡಿದವರ ಹೆಸರಿಗೆ 30. ಇಂದಿನ ಯೂನಿಕೋಡ್ ಬರವಣಿಗೆಯ ರೂಢಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕು. ಒತ್ತಕ್ಷರ, ಗುಣಿತಾಕ್ಷರಗಳನ್ನು ಲೆಕ್ಕ ಹಾಕಿದರೆ ‘ಶ್ರೀಪಾದರಾಜರು’ ಎಂಬ ಒಂದು ಹೆಸರೂ ಅಲ್ಲಿ ಪೂರ್ತಿ ಹಿಡಿಯುವುದಿಲ್ಲ. ನಂತರದ ವ್ಯವಸ್ಥೆಗಳು ಈ ತೊಡಕನ್ನು ನಿವಾರಿಸಿದವು. ಅಷ್ಟರಲ್ಲಿ ಕನ್ನಡದ ಸಾವಿರಾರು ಹಾಡುಗಳು ರೋಮನ್ ಲಿಪಿಯ ಅಡ್ಡಾದಿಡ್ಡಿ ಕಾಗುಣಿತದಲ್ಲಿ ಊರೂರು ಸುತ್ತಿದ್ದವು.

ಹೀಗೆ ಸುತ್ತಿದ ಬಗೆಯೂ ನೆನಪಿಡತಕ್ಕದ್ದು. ತಟ್ಟೆಯ ಕಾಲದಲ್ಲಿ ತಾಲ್ಲೂಕು ಕೇಂದ್ರಗಳ ಮೈಕ್‌ಸೆಟ್ಟಿನವರು ಹಾಡಿನ ಒಡೆಯರಾಗಿದ್ದರು. ಮದುವೆ, ಜಾತ್ರೆ, ಟೂರಿಂಗ್ ಟಾಕೀಸು ಎಲ್ಲಕ್ಕೂ ಅವರದೇ ಪ್ಲೇಟು. ಟೆಂಟಿನಲ್ಲಿ ಘಂಟಸಾಲ ಅವರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಆಟ ಇನ್ನೇನು ಶುರುವಾಗುತ್ತದೆಂದು ಜನ ಓಡುತ್ತಿದ್ದರು. ತೆಲುಗು ಹಾಡು ಕೇಳಿ ಕನ್ನಡ ಚಿತ್ರಕ್ಕೆ ಓಡುವುದು ಈ ಸೀಮೆಯಲ್ಲಿ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. 2000ದ ದಶಕದ ಕೊನೆಗೆ ಆ ಸ್ಥಾನವನ್ನು ಬಸ್‌ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗಳು ಹಿಡಿದವು. ಮೆಮೊರಿ ಕಾರ್ಡು ಕೊಟ್ಟು ಹಣ ಕೊಟ್ಟರೆ ನೂರಾರು ಹಾಡು ‘ಲೋಡ್’ ಆಗುತ್ತಿದ್ದವು. ಕಾರ್ಡಿನಲ್ಲಿ ಹಾಡು ಇರುತ್ತಿತ್ತು. ಕವಿಯ ಹೆಸರು, ಗಾಯಕರ ಹೆಸರು, ಮುದ್ರಿಸಿದ ವರ್ಷ ಇರುತ್ತಿರಲಿಲ್ಲ.

ಭಾಷೆಯ ನಮೂದು ಈ ಗಡಿಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ ಉಂಟುಮಾಡಿದೆ. ತಟ್ಟೆಯ ಚೀಟಿಯ ಮೇಲೆ ಭಾಷೆಯ ಹೆಸರು ಒಂದೇ ಇರಬೇಕು. ಸಿ.ಡಿ. ಅಂಗಡಿಯ ಕಪಾಟಿನಲ್ಲಿ ಕನ್ನಡಕ್ಕೊಂದು, ತೆಲುಗಿಗೊಂದು ಸಾಲು. ಅಂತರಜಾಲದ ಸಂಗೀತ ತಾಣಗಳಲ್ಲಿ ಬಳಕೆದಾರ ಮೊದಲು ಮಾಡಬೇಕಾದದ್ದೇ ಭಾಷೆಯ ಆಯ್ಕೆ. ಆದರೆ ಕೈವಾರದ ಯೋಗಿ ನಾರೇಯಣರು ಕನ್ನಡ, ತೆಲುಗು ಎರಡರಲ್ಲಿಯೂ ರಚಿಸಿದವರು. ಕೈವಾರವಿರುವ ಚಿಂತಾಮಣಿ ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಅವರ ಪದಗಳು ಶ್ರೀನಿವಾಸಪುರ, ಮುಳಬಾಗಿಲುಗಳ ಭಜನೆಮನೆಗಳಲ್ಲಿ ಇಂದಿಗೂ ಜೀವಂತವಾಗಿವೆ. ಒಂದೇ ರಾತ್ರಿಯ ಭಜನೆಯಲ್ಲಿ ತೆಲುಗು ಪದವೊಂದು ಮುಗಿಯುತ್ತಿದ್ದಂತೆ ಅದೇ ತಾಳಕ್ಕೆ ಕನ್ನಡ ಪದ ಏಳುತ್ತದೆ, ನಡುವಿನ ಮಾತು ಎರಡರ ಬೆರಕೆಯಾಗಿರುತ್ತದೆ. ಆ ರಾತ್ರಿ ಒಂದು ಪಠ್ಯ. ಅದನ್ನು ‘ಟ್ರ್ಯಾಕ್’ಗಳಾಗಿ ಕತ್ತರಿಸಿ ಕನ್ನಡದವನ್ನು ಕನ್ನಡಕ್ಕೆ, ತೆಲುಗಿನವನ್ನು ತೆಲುಗಿಗೆ ಹಂಚಿದ ಮೇಲೆ ಎರಡು ಭಾಷೆಗಳ ನಡುವಿನ ಆ ನಡಿಗೆ ಎರಡೂ ಕಡೆ ಕಾಣುವುದಿಲ್ಲ. ಕತ್ತರಿಸದೆ ಮೂವತ್ತು ನಿಮಿಷ ಸತತವಾಗಿ ಓಡಿದ ಒರಟು ಕ್ಯಾಸೆಟ್ಟೇ ಈ ದೃಷ್ಟಿಯಿಂದ ಅಚ್ಚುಕಟ್ಟಾದ ಸಿ.ಡಿ.ಗಿಂತ ಉತ್ತಮ ಆಕರ. ಧ್ವನಿಯ ಗುಣಮಟ್ಟವೂ ಆಕರದ ಬೆಲೆಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ದೊರೆತಿಲ್ಲ.

ಈಗ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಮುದ್ರಿಸಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಅಲ್ಲಿಯ ಧ್ವನಿಸಂದೇಶ ಮಾತಿಗೆಂದು ಹಿಂಡಿದ ರೂಪದ್ದು, ತಮಟೆಗೂ ಕೋರಸ್ಸಿಗೂ ಅದು ಒಗ್ಗುವುದಿಲ್ಲ. ಮುದ್ರಣದ ತಂತ್ರಾಂಶದಲ್ಲಿ ‘ವೇವ್’ ರೂಪವನ್ನು ಆರಿಸಿ, ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಅದು ಬದಲಾಗದೆ ತಲುಪುತ್ತದೆ. ಧ್ವನಿ ಭಂಡಾರಗಳ ಅಂತಾರಾಷ್ಟ್ರೀಯ ಸಂಘ ಶಿಫಾರಸು ಮಾಡುವ ಕನಿಷ್ಠ ಮಟ್ಟ ಸೆಕೆಂಡಿಗೆ 48,000 ಅಳತೆ, 24 ಬಿಟ್. ಹಳೆಯ ತಟ್ಟೆ–ಸುರುಳಿಗಳಿಗೆ ಸಾಧ್ಯವಾದರೆ 96,000. ಅದೇ ಸಂಘ ಯುನೆಸ್ಕೋದೊಡನೆ 2019ರಲ್ಲಿ ಕಾಂತೀಯ ಸುರುಳಿಗಳನ್ನು ಕುರಿತು ಎಚ್ಚರಿಕೆ ನೀಡಿತು. ಸುರುಳಿ ಉಳಿದರೂ ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಇಲ್ಲವಾಗುತ್ತಿದ್ದಾರೆ ಎಂಬುದು ಅದರ ಸಾರ. ಆದ್ದರಿಂದ ಕನ್ನಡ ವಿಭಾಗಗಳ ಬೀರುಗಳಲ್ಲಿರುವ ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳಿಗೆ ಉಳಿದಿರುವ ಸಮಯ ಕಡಿಮೆ. ಪ್ರತಿ ಮಾಡುವಾಗ ಹೊದಿಕೆಯ ಎರಡೂ ಮಗ್ಗುಲಿನ ಛಾಯಾಚಿತ್ರ, ನುಡಿಸಿದ ಯಂತ್ರದ ಹೆಸರು, ವೇಗ, ಪ್ರತಿಮಾಡಿದವರ ಹೆಸರು, ದಿನಾಂಕಗಳನ್ನು ಕಡತದೊಡನೆ ಇಡಬೇಕು. ಪ್ರತಿಯಾದ ಮೇಲೂ ಸುರುಳಿಯನ್ನು ಇಟ್ಟುಕೊಳ್ಳಬೇಕು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಣಗಳನ್ನು ಹಿಡಿದುಕೊಂಡು ನಜೀರ್ ಜೈರಾಜ್‌ಭೋಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಕರ್ನಾಟಕವೂ ಸೇರಿದಂತೆ ಅವವೇ ಸ್ಥಳಗಳಿಗೆ ಮರುಭೇಟಿ ಕೊಟ್ಟರು. ಊರು ಯಾವುದೆಂದು ತಿಳಿಯದ ಮುದ್ರಣವನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು?

ನನ್ನ ಸಂಗ್ರಹದಲ್ಲಿ ವಿಲೇವಾರಿಗೆ ಸಿಗದೆ ಉಳಿದ ಕ್ಯಾಸೆಟ್ಟು ಒಂದೇ. ಅದನ್ನು ಮನೆಯಲ್ಲಿ ಮರೆತಿದ್ದರಿಂದ ಉಳಿಯಿತು. ಹೊದಿಕೆಯ ಬರಹ ಮಾಸಿದೆ. ಆದರೆ ಮುದ್ರಣ ಶುರುವಾದ ಕೂಡಲೆ ಹಾಡುಗಾರರಲ್ಲಿ ಹಿರಿಯರೊಬ್ಬರು, ಯಾರೂ ಕೇಳದೆಯೇ, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ, ತಮ್ಮ ಹೆಸರು, ತಮ್ಮ ತಂದೆಯ ಹೆಸರು, ಊರು, ಅಂದಿನ ತಿಥಿಗಳನ್ನು ಹೇಳಿ, ಆನಂತರ ತಾಳ ಹಾಕುತ್ತಾರೆ.